ವಾಷಿಂಗ್ ಮಷಿನ್ ಕೆಟ್ಟಾಗ ಯಾರನ್ನು ಕರೆಯಬೇಕು, ಯಾವ ಪಾರ್ಟ್ ಹಾಕಿಸಬೇಕು

ಮಷಿನ್ ನಿಂತ ಕೂಡಲೇ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಕಂಪನಿಯವರಿಗೆ ಫೋನ್ ಮಾಡೋಣವಾ, ಬಜಾರಿನ ಮೆಕ್ಯಾನಿಕ್‌ನ ಕರೆಯೋಣವಾ? ಒರಿಜಿನಲ್ ಪಾರ್ಟೇ ಬೇಕಾ, ಲೋಕಲ್ ಸಾಕಾ? ಇದಕ್ಕೆ ಎಲ್ಲರೂ ಬೆಲೆ ನೋಡಿ ಉತ್ತರ ಹೇಳುತ್ತಾರೆ. ನಾನು ಹೇಳುವುದು ಬೇರೆ. ಆ ಪಾರ್ಟ್ ಕೈಗೆ ಸಿಗಬೇಕಾದರೆ ಮಷಿನ್ ಎಷ್ಟು ಬಿಚ್ಚಬೇಕು, ಮೊದಲು ಅದನ್ನು ಕೇಳಿ. ನಾಲ್ಕು ಸ್ಕ್ರೂ ತೆಗೆದರೆ ಸಿಗುವ ಪಾರ್ಟ್ ಆದರೆ ಅಗ್ಗದ್ದು ಹಾಕಿ ನೋಡಬಹುದು. ಅದು ಹೋದರೆ ಇನ್ನೊಂದು ಹಾಕಿದರಾಯಿತು. ಆದರೆ ಇಡೀ ಡ್ರಮ್ ಹೊರಗೆ ತೆಗೆದು ಹಾಕಬೇಕಾದ ಪಾರ್ಟ್ ಆದರೆ ಅಲ್ಲಿ ಇನ್ನೂರು ಮುನ್ನೂರು ಉಳಿಸಲು ಹೋಗಬೇಡಿ, ಯಾಕಂದರೆ ಅದು ಬೇಗ ಹೋದರೆ ಪಾರ್ಟಿನ ದುಡ್ಡಿಗಿಂತ ಕೂಲಿಯ ದುಡ್ಡೇ ಜಾಸ್ತಿ ಆಗುತ್ತದೆ, ಅದನ್ನೂ ಎರಡು ಸಲ ಕೊಡಬೇಕು.

ಈ ಲೆಕ್ಕ ಮೂರೂ ಜಾತಿಯ ಮಷಿನ್‌ಗೆ ನಡೆಯುತ್ತದೆ: ಸೆಮಿ (ಒಗೆಯಲು, ಹಿಂಡಲು ಬೇರೆ ಬೇರೆ ತೊಟ್ಟಿ ಇರುವುದು), ಟಾಪ್ ಲೋಡ್ (ಮೇಲಿಂದ ಬಟ್ಟೆ ಹಾಕುವುದು), ಫ್ರಂಟ್ ಲೋಡ್ (ಮುಂದಿನ ಬಾಗಿಲಿಂದ ಹಾಕುವುದು). ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಇದೆ.

ಕೆಡದ ಮಷಿನ್‌ಗೆ ಪಾರ್ಟ್ ಹಾಕಿಸಬೇಡಿ

ನೀರು ಬರದಿದ್ದರೆ ಎಲ್‌ಜಿ ಮಷಿನ್ ‘ಐಇ’ ಅಂತ ತೋರಿಸುತ್ತದೆ, ಸ್ಯಾಮ್‌ಸಂಗ್ ‘4ಇ’ ಅಥವಾ ‘4ಸಿ’ ಅಂತ. ಇದನ್ನು ನೋಡಿದ ಕೂಡಲೇ ಮಷಿನ್‌ಗೆ ನೀರು ಬಿಡುವ ವಾಲ್ವ್ ಹೋಯಿತು ಅಂದುಕೊಳ್ಳುವವರೇ ಹೆಚ್ಚು. ನಳ ಬಂದ್ ಮಾಡಿ, ಪೈಪ್ ಬಿಚ್ಚಿ, ಮಷಿನ್ ಹಿಂದೆ ಪೈಪ್ ಕೂರುವ ಬಾಯಿಯೊಳಗೆ ಟಾರ್ಚ್ ಹಿಡಿಯಿರಿ. ಅಲ್ಲೊಂದು ಸಣ್ಣ ಜಾಲರಿ ಇರುತ್ತದೆ. ಬೋರಿನ ಮರಳು, ಟ್ಯಾಂಕಿನ ಪಾಚಿ, ಸುಣ್ಣದ ಚೂರು ಎಲ್ಲ ಬಂದು ಅಲ್ಲೇ ಸೇರುತ್ತವೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದರೆ ಹೊರಗೆ ಬರುತ್ತದೆ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ಮತ್ತೆ ಕೂರಿಸಿ. ಬೋರ್ ನೀರಿನ ಮನೆಯಲ್ಲಿ ಈ ಕೆಲಸ ಆಗಾಗ ಮಾಡಲೇಬೇಕು.

ಜಾಲರಿ ಚೊಕ್ಕಟವಿದ್ದೂ ನೀರು ನಿಧಾನವಾಗಿ ಬಂದರೆ ಒತ್ತಡ ಸಾಲುತ್ತಿಲ್ಲ ಅಂತ. ಟ್ಯಾಂಕ್ ನೀರು ಒಂದು ಮೀಟರ್ ಎತ್ತರಕ್ಕೆ ಸುಮಾರು 0.1 ಬಾರ್ ಒತ್ತಡ ಕೊಡುತ್ತದೆ. ಮಾಳಿಗೆ ಮೇಲೆ ನೆಲಕ್ಕೇ ಟ್ಯಾಂಕ್ ಕೂರಿಸಿ, ಅದರ ಕೆಳಗಿನ ಕೋಣೆಯಲ್ಲೇ ಮಷಿನ್ ಇಟ್ಟರೆ 0.2, 0.3 ಬಾರ್ ಸಿಗಬಹುದು, ಅಷ್ಟೇ. ನಿಮ್ಮ ಮಷಿನ್‌ಗೆ ಕನಿಷ್ಠ ಎಷ್ಟು ಬೇಕು ಅಂತ ಅದರ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ, ಒಮ್ಮೆ ನೋಡಿ. ಸಾಲದಿದ್ದರೆ ಎರಡು ದಾರಿ. ಟ್ಯಾಂಕ್ ಕೆಳಗೆ ಕಟ್ಟೆ ಕಟ್ಟಿಸುವುದು, ಇಲ್ಲಾ ಸಣ್ಣ ಬೂಸ್ಟರ್ ಪಂಪ್ ಹಾಕಿಸುವುದು. ಜಾಗ ಇದ್ದರೆ ಕಟ್ಟೆಯೇ ಒಳ್ಳೆಯದು. ಪಂಪ್ ಹಾಕಿಸಿದರೆ ನಾಳೆ ಅದೂ ಕೆಡುತ್ತದೆ ಅಲ್ವಾ?

ನೀರು ಹೊರಗೆ ಹೋಗುವ ಪೈಪಿನಲ್ಲೂ ಹೀಗೇ ಗೊಂದಲ ಆಗುತ್ತದೆ. ಪಂಪ್ ಇಲ್ಲದ ಟಾಪ್ ಲೋಡ್‌ನಲ್ಲಿ ನೀರು ತಾನಾಗಿ ಇಳಿದು ಹೋಗಬೇಕು, ಹಾಗಾಗಿ ಪೈಪ್ ನೆಲಕ್ಕೇ ಮಲಗಿರಬೇಕು. ಬಚ್ಚಲಿನ ಕಟ್ಟೆ ಹತ್ತಿಸಿ ಇಟ್ಟರೆ ನೀರು ಒಳಗೇ ನಿಲ್ಲುತ್ತದೆ. ಪಂಪ್ ಇರುವ ಫ್ರಂಟ್ ಲೋಡ್‌ಗೆ ಇದು ಉಲ್ಟಾ. ಅಲ್ಲಿ ಪೈಪನ್ನು ಪುಸ್ತಕದಲ್ಲಿ ಹೇಳಿದಷ್ಟು ಎತ್ತರಿಸಿ ಕಟ್ಟಬೇಕು. ನೆಲಕ್ಕೆ ಬಿಟ್ಟರೆ ಒಂದು ಕಡೆ ನೀರು ತುಂಬುತ್ತಿರುತ್ತದೆ, ಇನ್ನೊಂದು ಕಡೆ ಹರಿದು ಹೋಗುತ್ತಿರುತ್ತದೆ, ಮಷಿನ್ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಬಾಡಿಗೆ ಮನೆ ಬದಲಿಸಿದ ಮೇಲೆ ಮಷಿನ್ ಕೆಟ್ಟಿತು ಅನ್ನುವವರು ಮೊದಲು ಈ ಪೈಪ್ ನೋಡಬೇಕು. ಫ್ರಂಟ್ ಲೋಡ್ ಸಾಗಿಸುವಾಗ ಹಿಂದೆ ಹಾಕಿದ್ದ ಬೋಲ್ಟ್ ತೆಗೆದಿದ್ದೀರಾ ಅಂತಲೂ ನೋಡಿ. ಅವು ಒಳಗೇ ಉಳಿದರೆ ಸ್ಪಿನ್ ಆಗುವಾಗ ಮಷಿನ್ ಇಡೀ ಕೋಣೆ ತುಂಬಾ ಓಡಾಡುತ್ತದೆ.

‘ಯುಇ’ ಬಂದರೆ ಬಟ್ಟೆ ಒಂದೇ ಕಡೆ ಗುಡ್ಡೆ ಆಗಿದೆ ಅಂತ. ಬಳ್ಳಾರಿ ಜೀನ್ಸ್‌ಗೆ ಹೆಸರಾದ ಊರು, ಮನೆಮನೆಯಲ್ಲೂ ಜೀನ್ಸ್ ಇದ್ದೇ ಇರುತ್ತವೆ. ನಾಲ್ಕು ಜೀನ್ಸ್ ನೀರು ಕುಡಿದು ಒಂದೇ ಕಡೆ ಬಿದ್ದರೆ ಯಾವ ಮಷಿನ್ನೂ ಸರಿಯಾಗಿ ತಿರುಗದು. ಜೊತೆಗೆ ಟವೆಲ್ಲು, ಅಂಗಿ ಹಾಕಿ ತೂಕ ಹರಡಿ. ಒಂದೇ ಒಂದು ದೊಡ್ಡ ಚಾದರ ಹಾಕುವುದೂ ತಪ್ಪೇ. ಮಷಿನ್ ಕಾಲು ನಾಲ್ಕೂ ನೆಲಕ್ಕೆ ಕೂತಿವೆಯಾ ಅಂತ ಮೂಲೆ ಒತ್ತಿ ನೋಡಿ.

ನೊರೆ ಇನ್ನೊಂದು ಕಾಟ. ಗಡಸು ನೀರಿನಲ್ಲಿ ನೊರೆ ಬರುವುದಿಲ್ಲ ಅಂತ ಪುಡಿ ಜಾಸ್ತಿ ಸುರಿಯುತ್ತಾರೆ, ಅದೂ ಕೈಯಲ್ಲಿ ಒಗೆಯುವ ಪುಡಿ. ಹೊಳೆ ನೀರು ಬಂದ ದಿನ ಅದೇ ಅಳತೆ ಹಾಕಿದರೆ ಫ್ರಂಟ್ ಲೋಡ್ ತುಂಬಾ ನೊರೆ ತುಂಬಿ ಸ್ಪಿನ್ನೇ ಆಗುವುದಿಲ್ಲ.

ನೀರು, ಇಲಿ, ಕರೆಂಟು

ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಯಲ್ಲಿ ಮಷಿನ್ ಸಾಯುವುದು ಹೆಚ್ಚಾಗಿ ಈ ಮೂರರಿಂದಲೇ. ಒಂದು ಓಣಿಗೆ ತುಂಗಭದ್ರೆಯ ನೀರು ಬಂದರೆ ಪಕ್ಕದ ಬಡಾವಣೆಗೆ ಬೋರ್ ನೀರೇ ಗತಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ಇದನ್ನು ಟಿಡಿಎಸ್ ಮೀಟರಿನಲ್ಲಿ ಅಳೆಯಲು ಬರುವುದಿಲ್ಲ. ಅದು ನೀರಿನಲ್ಲಿ ಕರಗಿದ ಎಲ್ಲ ಉಪ್ಪನ್ನೂ ಒಟ್ಟಿಗೆ ಅಂದಾಜು ಮಾಡುತ್ತದೆ. ಗಡಸುತನಕ್ಕೆ ಬೇರೆ ಟೆಸ್ಟ್ ಕಿಟ್ ಸಿಗುತ್ತದೆ. ಅದೂ ಬೇಡ ಅಂದರೆ ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಅಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಮಷಿನ್ ಒಳಗೂ ಕಟ್ಟಿದೆ.

ಈ ಪೊರೆಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಸಾಕು, ಅಂದರೆ ಸಿಟ್ರಿಕ್ ಆಸಿಡ್. ಬಟ್ಟೆ ಹಾಕದೆ, ಸುಮಾರು 100 ಗ್ರಾಂ ಹಾಕಿ, ಬಿಸಿನೀರಿನ ಪ್ರೋಗ್ರಾಂ ಒಮ್ಮೆ ಓಡಿಸಿ, ಆಮೇಲೆ ಬರೀ ನೀರಿನಲ್ಲಿ ಒಂದು ಸಲ ತೊಳೆಯಿರಿ. ಕಂಪನಿ ಪುಡಿಯೂ ಸಿಗುತ್ತದೆ, ಅದರ ಬೆಲೆ ಜಾಸ್ತಿ. ಇನ್ನೂ ವಾರಂಟಿ ಇರುವ ಮಷಿನ್‌ಗೆ ಪುಸ್ತಕದಲ್ಲಿ ಏನು ಹಾಕಿ ಅಂದಿದ್ದಾರೋ ಅದನ್ನೇ ಹಾಕಿ. ಒಂದು ಎಚ್ಚರ: ನಿಂಬೆ ಉಪ್ಪಿನ ಜೊತೆ ಬ್ಲೀಚ್ ಎಂದಿಗೂ ಸೇರಿಸಬಾರದು, ವಿಷದ ಕ್ಲೋರಿನ್ ಗಾಳಿ ಏಳುತ್ತದೆ.

ಇಲಿ ವಿಷಯ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಎಲ್ಲ ಭತ್ತದ ಊರುಗಳು, ಸುಗ್ಗಿ ಮುಗಿದರೆ ಇಲಿ ಮನೆಗೆ ಬರುತ್ತವೆ. ಟಾಪ್ ಲೋಡ್ ಮಷಿನ್‌ನ ತಳ ಎಷ್ಟೋ ಸಲ ತೆರೆದೇ ಇರುತ್ತದೆ. ಗಂಗಾವತಿಯ ನಮ್ಮ ಅಕ್ಕನ ಮನೆ ಮಷಿನ್ ನೀರು ತುಂಬಿಸುತ್ತಲೇ ಇತ್ತು, ನಿಲ್ಲಿಸುತ್ತಲೇ ಇರಲಿಲ್ಲ. ನೋಡಲು ಬಂದವನು ಕವರ್ ಬಿಚ್ಚುವ ಮುಂಚೆಯೇ, “ಬೋರ್ಡ್ ಹೋಗೈತ್ರಿ ಅಕ್ಕಾರ, ಹೊಸಾದ ಹಾಕಸಬೇಕು” ಅಂದ. ಬೋರ್ಡ್ ಅಂದರೆ ಮಷಿನ್ ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್. ಕವರ್ ಬಿಚ್ಚಿ ನೋಡಿದರೆ ಇಲಿ ಒಂದು ಸಣ್ಣ ರಬ್ಬರ್ ನಳಿಗೆ ಕಡಿದಿತ್ತು. ಟಬ್‌ನಿಂದ ಮೇಲೆ ಹೋಗುವ ಆ ನಳಿಗೆಯಲ್ಲಿ ಗಾಳಿ ಇರುತ್ತದೆ. ನೀರು ಏರಿದಂತೆ ಗಾಳಿ ಒತ್ತುತ್ತದೆ, ಆ ಒತ್ತಡ ನೋಡಿಯೇ ಮಷಿನ್‌ಗೆ ಎಷ್ಟು ನೀರು ತುಂಬಿತು ಅಂತ ಗೊತ್ತಾಗುವುದು. ನಳಿಗೆ ತೂತಾದರೆ ಟಬ್ ಖಾಲಿ ಇದೆ ಅಂತಲೇ ಅದು ತಿಳಿಯುತ್ತದೆ. ನಳಿಗೆಗೆ ಹತ್ತಾರು ರೂಪಾಯಿ, ಬೋರ್ಡ್‌ಗೆ ಸಾವಿರಗಟ್ಟಲೆ. ಆದ್ದರಿಂದ ನೀರಿನ ಮಟ್ಟದ ತೊಂದರೆಗೆ ಯಾರಾದರೂ ಬೋರ್ಡ್ ಅಂದರೆ, “ಪ್ರೆಷರ್ ಪೈಪ್ ನೋಡಿದ್ರಾ?” ಅಂತ ಕೇಳಿ. ಆಮೇಲೆ ತಳಕ್ಕೆ ಇಲಿ ಜಾಲರಿ ಹಾಕಿಸಿ. ನಿಮ್ಮ ಮಾಡೆಲ್‌ಗೆ ಕಂಪನಿಯದೇ ತಟ್ಟೆ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ತಂತಿ ಜಾಲರಿ ಕತ್ತರಿಸಿ ಕೂರಿಸಿದರೂ ನಡೆಯುತ್ತದೆ, ಬೆಲ್ಟ್‌ಗೆ ತಾಗದಂತೆ ನೋಡಿಕೊಂಡರೆ ಸಾಕು.

ಇನ್ನು ಕರೆಂಟು. ರಾಯಚೂರಿನ ಹತ್ತಿರದ ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ವಿದ್ಯುತ್ ಸ್ಥಾವರ ಇದೆ, ಆದರೂ ಬೇಸಿಗೆಯಲ್ಲಿ ರಾಯಚೂರಿನ ಓಣಿಯಲ್ಲಿ ಕೂಲರ್, ಎಸಿ ಎಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಕುಸಿಯುತ್ತದೆ. ಇದಕ್ಕಿಂತ ಕೆಟ್ಟದ್ದು ಕರೆಂಟ್ ಹೋಗಿ ವಾಪಸ್ ಬರುವಾಗಿನ ಹೊಡೆತ. ಕರೆಂಟ್ ಹೋದಾಗ ಪ್ಲಗ್ ತೆಗೆಯುವ ಅಭ್ಯಾಸ ಮಾಡಿಕೊಂಡರೆ ಬೋರ್ಡ್ ಉಳಿಯುತ್ತದೆ. ಮನೆಯಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ ಇದ್ದರೆ ಸ್ಟೆಬಿಲೈಸರ್ ಹಾಕಿಸಿ, ಸೆಮಿ ಮಷಿನ್‌ಗೆ ಬೇಕಾಗುವುದಿಲ್ಲ. ಮಷಿನ್ ಮುಟ್ಟಿದರೆ ಜುಂ ಅಂದರೆ ಅದನ್ನು ಬಳಸುವುದೇ ನಿಲ್ಲಿಸಿ. ಅರ್ತಿಂಗ್ ಸರಿಯಿಲ್ಲ, ಇಲ್ಲಾ ಒಳಗೆ ವೈರ್ ತೆರೆದುಕೊಂಡಿದೆ. ಮೊದಲು ಎಲೆಕ್ಟ್ರಿಷಿಯನ್, ಆಮೇಲೆ ಮಷಿನ್ ಮೆಕ್ಯಾನಿಕ್.

ಸೆಮಿ: ಬಜಾರಿನ ಮೆಕ್ಯಾನಿಕ್ಕೇ ಸಾಕು

ಇಲ್ಲಿ ಯೋಚನೆ ಮಾಡುವಂಥದ್ದು ಕಮ್ಮಿ. ವಾರಂಟಿ ಮುಗಿದಿದ್ದರೆ ಸೆಮಿಗೆ ಕಂಪನಿಯವರನ್ನು ಕರೆಯುವುದು ನನ್ನ ಪ್ರಕಾರ ದುಡ್ಡು ದಂಡ. ಟೈಮರ್, ಕಂಡೆನ್ಸರ್ (ಮೋಟರ್ ತಿರುಗಲು ನೆರವಾಗುವ ಕೆಪಾಸಿಟರ್), ಬೆಲ್ಟ್, ಡ್ರೈನ್ ರಬ್ಬರ್, ಬ್ರೇಕ್ ವೈರ್ ಎಲ್ಲ ನಾಲ್ಕೈದು ಸ್ಕ್ರೂ ಒಳಗೆ ಸಿಗುವಂಥವು, ಲೋಕಲ್ ಪಾರ್ಟೂ ನಡೆಯುತ್ತದೆ.

ಸ್ಪಿನ್ ಮೋಟರ್ ‘ಗುಂಯ್’ ಅಂದು ತಿರುಗದಿದ್ದರೆ ಪ್ಲಗ್ ತೆಗೆದು ಸ್ಪಿನ್ ಬುಟ್ಟಿಯನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಕಂಡೆನ್ಸರ್ ಹೋಗಿರಬಹುದು. ಬಿಗಿ ಇದ್ದರೆ ಬ್ರೇಕ್ ಬಿಡುತ್ತಿಲ್ಲ, ಇಲ್ಲಾ ಬುಟ್ಟಿಯ ಕೆಳಗೆ ಮಕ್ಕಳ ಸಾಕ್ಸೋ ಕರ್ಚೀಫೋ ಸಿಕ್ಕಿಕೊಂಡಿದೆ. ಏನೂ ಸದ್ದೇ ಇಲ್ಲದಿದ್ದರೆ ಮುಚ್ಚಳದ ಸ್ವಿಚ್ಚು, ಟೈಮರ್ ನೋಡಿಸಿ. ಒಗೆಯುವಾಗಲೇ ಪೈಪಿನಿಂದ ನೀರು ಸೋರುತ್ತಿದ್ದರೆ ಡ್ರೈನ್ ರಬ್ಬರ್ ಅಡಿ ನಾಣ್ಯವೋ ದಾರವೋ ಕೂತಿದೆ, ಬದಲಿಸುವ ಮುಂಚೆ ತೊಳೆದು ನೋಡಿ.

ಕಂಡೆನ್ಸರ್ ತರುವಾಗ ಅದರ ಮೇಲೆ ಬರೆದ ಮೈಕ್ರೋಫ್ಯಾರಡ್ ಸಂಖ್ಯೆ ಹಳೆಯದರದ್ದೇ ಇರಬೇಕು. ವೋಲ್ಟ್ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪರವಾಗಿಲ್ಲ, ಕಮ್ಮಿ ಇರಬಾರದು. “ದೊಡ್ಡದು ಹಾಕಿದರೆ ಜೋರಾಗಿ ತಿರುಗ್ತದ” ಅಂತ ಹೇಳುವವರ ಮಾತು ಕೇಳಬೇಡಿ, ಮೋಟರ್ ಸುಡುತ್ತದೆ. ಹಳೇ ಕಂಡೆನ್ಸರ್‌ನ ಎರಡೂ ತುದಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು.

ಟಾಪ್ ಲೋಡ್: ಅರ್ಧ ಬಜಾರು, ಅರ್ಧ ಕಂಪನಿ

ಟಾಪ್ ಲೋಡ್‌ನಲ್ಲಿ ಯಾವ ಪಾರ್ಟ್ ಕೆಟ್ಟಿದೆ ಅನ್ನುವುದರ ಮೇಲೆ ಆಯ್ಕೆ ಬದಲಾಗುತ್ತದೆ. ನೀರಿನ ವಾಲ್ವ್, ಡ್ರೈನ್ ಮೋಟರ್, ಬೆಲ್ಟ್, ಮುಚ್ಚಳದ ಸ್ವಿಚ್ ಹೊರಮೈಗೆ ಹತ್ತಿರ ಇರುವಂಥವು. ಒಳ್ಳೆಯ ಲೋಕಲ್ ಪಾರ್ಟ್ ಸಿಕ್ಕರೆ ಬಜಾರಿನ ಮೆಕ್ಯಾನಿಕ್ ಕೈಲೇ ಹಾಕಿಸಿ.

ವಾಲ್ವ್ ವಿಷಯದಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಮಷಿನ್‌ಗೆ ನೀರು ಬರುತ್ತಲೇ ಇದ್ದರೆ ಪ್ಲಗ್ ಕಿತ್ತು ನೋಡಿ. ಆಗಲೂ ನೀರು ಬರುತ್ತಿದ್ದರೆ ವಾಲ್ವ್ ಒಳಗೆ ಕಸ ಸಿಕ್ಕು ಮುಚ್ಚುತ್ತಿಲ್ಲ, ಬೋರ್ಡ್‌ಗೂ ಅದಕ್ಕೂ ಸಂಬಂಧವಿಲ್ಲ. ಪ್ಲಗ್ ಕಿತ್ತ ಕೂಡಲೇ ನಿಂತರೆ ವಾಲ್ವ್ ಸರಿಯಿದೆ, ಪ್ರೆಷರ್ ಪೈಪು, ಸೆನ್ಸರು, ಬೋರ್ಡ್ ಕಡೆ ನೋಡಬೇಕು. ಇಷ್ಟು ಹೇಳಿದರೆ ಮೆಕ್ಯಾನಿಕ್‌ಗೂ ನಿಮಗೆ ವಿಷಯ ಗೊತ್ತು ಅಂತ ಗೊತ್ತಾಗುತ್ತದೆ, ಸುಮ್ನೆ ಬಿಲ್ ಏರುವುದಿಲ್ಲ.

ಸ್ಪಿನ್ ಆಗುವಾಗ ಟಬ್ ಬದಿಗೆ ಬಡಿಯುತ್ತಿದ್ದರೆ, ಅಥವಾ ಖಾಲಿ ಇದ್ದಾಗಲೇ ಒಂದು ಕಡೆ ವಾಲಿದ್ದರೆ, ನಾಲ್ಕು ಮೂಲೆಯಲ್ಲಿ ಟಬ್ ತೂಗುವ ಸಸ್ಪೆನ್ಷನ್ ರಾಡ್‌ಗಳಲ್ಲಿ ಒಂದು ಬಿಟ್ಟಿದೆ. ಒಂದು ಹೋದರೂ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಮೂರು ಹಳೆಯದು ಒಂದು ಹೊಸದು ಆದರೆ ತೂಕ ಸಮ ಕೂರುವುದಿಲ್ಲ.

ಕ್ಲಚ್ ಮಾತ್ರ, ಅಂದರೆ ಒಗೆಯುವುದರಿಂದ ಸ್ಪಿನ್‌ಗೆ ಬದಲಿಸುವ ಭಾಗ, ಬೇರೆ ಲೆಕ್ಕ. ಒಗೆಯುವಾಗ ಬುಟ್ಟಿಯೂ ಜೊತೆಗೆ ತಿರುಗುವುದು, ಸ್ಪಿನ್‌ನಲ್ಲಿ ಕರಕರ ಸದ್ದು, ಕೆಳಗೆ ನಡುಮಧ್ಯದಿಂದ ನೀರು ತೊಟ್ಟಿಕ್ಕುವುದು ಎಲ್ಲ ಅದರ ಲಕ್ಷಣ. ಅದನ್ನು ಬದಲಿಸಲು ಮಷಿನ್ ಮಲಗಿಸಿ, ಬುಟ್ಟಿ ಹೊರಗೆ ತೆಗೆಯಬೇಕು. ಬೋರ್ ನೀರಿನಲ್ಲಿ ತುಕ್ಕು ಹಿಡಿದ ನಡುವಿನ ನಟ್ ಬಿಚ್ಚುವುದೇ ಅರ್ಧ ದಿನದ ಕೆಲಸ. ಇಲ್ಲಿ ಒರಿಜಿನಲ್ಲೇ ಹಾಕಿಸಿ, ಸೀಲ್ ಜೊತೆಗೇ ಹೊಸದಾಗಲಿ.

ಫ್ರಂಟ್ ಲೋಡ್: ಇಲ್ಲಿ ಅವಸರ ಬೇಡ

ಸಣ್ಣ ಕೆಲಸ ಮೊದಲು ಹೇಳಿ ಮುಗಿಸುತ್ತೇನೆ. ನೀರು ಹೊರಗೆ ಹೋಗುತ್ತಿಲ್ಲ (ಎಲ್‌ಜಿಯಲ್ಲಿ ‘ಓಇ’, ಸ್ಯಾಮ್‌ಸಂಗ್‌ನಲ್ಲಿ ‘5ಇ’ ಅಥವಾ ‘5ಸಿ’) ಅಂದರೆ ಕೆಳಗಿನ ಸಣ್ಣ ಬಾಗಿಲು ತೆರೆದು ಫಿಲ್ಟರ್ ತಿರುಗಿಸಿ ತೆಗೆಯಿರಿ. ಕೆಳಗೆ ಅಗಲವಾದ ತಟ್ಟೆ ಇಡಿ, ನೀರು ಬರುತ್ತದೆ. ನಾಣ್ಯ, ಹೇರ್‌ಪಿನ್, ಗುಂಡಿ ಏನಾದರೂ ಸಿಕ್ಕೇ ಸಿಗುತ್ತದೆ. ಫಿಲ್ಟರ್ ತೆಗೆದ ಜಾಗದಲ್ಲಿ ಒಳಗೆ ಪಂಪಿನ ರೆಕ್ಕೆ ಕಾಣುತ್ತದೆ, ಅದು ಬೆರಳಿಗೆ ತಿರುಗಬೇಕು. ತಿರುಗಿಯೂ ಪಂಪ್ ಗುಂಯ್‌ಗುಟ್ಟುತ್ತಿದ್ದರೆ ಆಗ ಪಂಪ್ ಬದಲಿಸಿ. ಪಂಪ್‌ಗೆ ಲೋಕಲ್ ಆದರೂ ನಡೆದೀತು. ತೊಳೆದು ಮುಗಿದ ಮೇಲೆ ಬಾಗಿಲು ಒಂದೆರಡು ನಿಮಿಷ ತೆರೆಯದಿದ್ದರೆ ಅದು ತೊಂದರೆ ಅಲ್ಲ, ಲಾಕ್ ತಣ್ಣಗಾಗಲು ಬೇಕಾದ ಹೊತ್ತು.

ಮಷಿನ್ ಶುರುವಾಗಿ ಸ್ವಲ್ಪ ಹೊತ್ತಿಗೆ, ನೀರು ಕಾಯಿಸುವಾಗ, ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಬಿದ್ದರೆ ಹೀಟರ್ ಮೇಲೆ ಅನುಮಾನ ಪಡಿ. ಸುಣ್ಣ ಕಟ್ಟಿದ ಹೀಟರ್ ಸೀಳುತ್ತದೆ. ಮಲ್ಟಿಮೀಟರ್ ಇದ್ದವರು ಅಳೆದು ನೋಡಬಹುದು: 230 ವೋಲ್ಟ್‌ನ 2000 ವಾಟ್ ಹೀಟರ್ ಸುಮಾರು 26 ಓಮ್ ತೋರಿಸಬೇಕು. ಆದರೆ ಓಮ್ ಸರಿಯಿದ್ದೂ ಮಷಿನ್‌ನ ಲೋಹದ ಮೈಗೆ ಕರೆಂಟ್ ಸೋರುತ್ತಿರಬಹುದು, ಅದನ್ನು ಮೆಕ್ಯಾನಿಕ್ ಸೋರಿಕೆ ಪತ್ತೆ ಮಾಡುವ ಮೆಗ್ಗರ್‌ನಲ್ಲಿ ಪರೀಕ್ಷಿಸಬೇಕು. ಅದು ಸರಿಯಾಗುವ ತನಕ ಮಷಿನ್ ಓಡಿಸಬೇಡಿ. ತಣ್ಣೀರಿನಲ್ಲಿ ಒಗೆದರೂ ಹೀಟರ್ ನೀರಿನೊಳಗೇ ಇರುತ್ತದೆ.

ಈಗ ದೊಡ್ಡದು: ಬೇರಿಂಗ್. ಸ್ಪಿನ್‌ನಲ್ಲಿ ವಿಮಾನ ಏಳುವಂಥ ಸದ್ದು ಬಂದರೆ, ಬಾಗಿಲು ತೆರೆದು ಡ್ರಮ್‌ನ ಮೇಲಿನ ಅಂಚು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಒಳಡ್ರಮ್ ಮಾತ್ರ ಸಡಿಲವಾಗಿ ಆಡಿದರೆ ಬೇರಿಂಗ್ ಹೋಗಿದೆ. ಅದಕ್ಕೂ ಮುಂಚೆ ಸೀಲ್ ಹೋಗಿರುತ್ತದೆ, ಸೀಲ್ ದಾಟಿ ಬಂದ ನೀರೇ ಬೇರಿಂಗ್ ತಿನ್ನುವುದು. ಡ್ರಮ್ ಹಿಂದಿನ ಮೂರು ಕೈಯ ಅಲ್ಯೂಮಿನಿಯಂ ಸ್ಪೈಡರನ್ನೂ ನೋಡಿಸಿ. ಅದು ಸವೆದು ಬಿರುಕು ಬಿಟ್ಟಿದ್ದರೆ ಬೇರಿಂಗ್ ಹಾಕಿಸಿ ಉಪಯೋಗವಿಲ್ಲ.

ಇಲ್ಲಿ ನಿಮ್ಮ ಮುಂದೆ ಮೂರು ದಾರಿ. ಬಜಾರಿನ ಮೆಕ್ಯಾನಿಕ್ ಬೇರಿಂಗ್ ನಂಬರ್ ನೋಡಿ ಅದೇ ಅಳತೆಯದು ತಂದು ಹಾಕುತ್ತಾನೆ. ಬೇರಿಂಗ್ ಮಾರುವ ಅಂಗಡಿಗಳಲ್ಲಿ ಒಳ್ಳೆ ಕಂಪನಿಯದ್ದೇ ಸಿಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಸೀಲ್ ಮಾತ್ರ ಆ ಮಾಡೆಲ್‌ನದೇ ಬೇಕು, ಹತ್ತಿರದ ಅಳತೆಯದು ನಡೆಯುವುದಿಲ್ಲ. ಎರಡನೆಯದು, ಕಂಪನಿಯವರು. ಕೆಲವು ಮಾಡೆಲ್‌ಗಳಲ್ಲಿ ಹೊರಟಬ್ ಎರಡು ಭಾಗ ಸೇರಿಸಿ ಅಂಟಿಸಿಯೇ ಬಂದಿರುತ್ತದೆ, ಬಿಚ್ಚಲು ಬರುವುದಿಲ್ಲ. ಅಂಥದ್ದಕ್ಕೆ ಇಡೀ ಟಬ್ ಸೆಟ್ಟೇ ಹಾಕಬೇಕು, ಆಗ ಬಿಲ್ ಕೇಳಿ ತಲೆ ತಿರುಗುತ್ತದೆ. ಬಜಾರಿನ ಕೆಲವು ಮೆಕ್ಯಾನಿಕ್‌ಗಳು ಅದನ್ನು ಗರಗಸದಲ್ಲಿ ಕೊಯ್ದು, ಬೇರಿಂಗ್ ಹಾಕಿ, ಸಿಲಿಕೋನ್ ಅಂಟು ಮೆತ್ತಿ ಬೋಲ್ಟ್ ಬಿಗಿಯುತ್ತಾರೆ. ಕೈ ಪಳಗಿದವನಾದರೆ ಅದು ನಿಲ್ಲುತ್ತದೆ, ಆದರೆ ಇದನ್ನು ಮುಂಚೆ ಮಾಡಿದ್ದಾನಾ, ಮಾಡಿದ ಮನೆ ಯಾವುದು ಅಂತ ಕೇಳಿ ಅಲ್ಲಿ ವಿಚಾರಿಸಿಯೇ ಕೊಡಿ. ಮೂರನೆಯದು, ಮಷಿನ್ನೇ ಬದಲಿಸುವುದು. ಟಬ್ ಸೆಟ್ ಬೇಕು, ಸ್ಪೈಡರೂ ಹೋಗಿದೆ, ಮನೆಗೆ ಬರುವುದು ಬೋರ್ ನೀರು ಅಂದರೆ ನಾನು ಮೂರನೆಯದನ್ನೇ ಹೇಳುತ್ತೇನೆ.

ಬೋರ್ಡ್ ಸುಟ್ಟರೆ

ಬೋರ್ಡ್‌ಗೂ ದಾರಿ ಮೂರು: ರಿಪೇರಿ, ಹೊಸ ಒರಿಜಿನಲ್, ಯೂನಿವರ್ಸಲ್ ಕಿಟ್ (ಯಾವುದೋ ಒಂದು ಮಾಡೆಲ್‌ಗೆ ಅಂತ ಮಾಡದ ಸಾದಾ ಬೋರ್ಡ್).

ಮೊದಲು ರಿಪೇರಿ ನೋಡಿ. ವೋಲ್ಟೇಜ್ ಹೊಡೆತಕ್ಕೆ ಎಷ್ಟೋ ಸಲ ಫ್ಯೂಸು, ಅದರ ಪಕ್ಕದ ವೇರಿಸ್ಟರು (ಆ ಹೊಡೆತ ತಡೆಯುವ ಸಣ್ಣ ಬಿಲ್ಲೆ) ಮಾತ್ರ ಹೋಗಿರುತ್ತವೆ. ಮೊಬೈಲ್, ಟಿವಿ ಬೋರ್ಡ್ ಕೆಲಸ ಮಾಡುವವರು ಇದನ್ನು ಮಾಡುತ್ತಾರೆ. ಆದರೆ ಬೋರ್ಡ್ ಇಡೀ ಗೋಂದಿನಂಥ ಪದರದಲ್ಲಿ ಮುಳುಗಿದ್ದರೆ ಕೆಲಸ ಕಷ್ಟ. ಆ ಪದರ ನಮ್ಮ ಧೂಳು, ತೇವದಿಂದ ಕಾಪಾಡಲಿ ಅಂತಲೇ ಹಾಕಿರುವುದು, ರಿಪೇರಿಗೆ ಮಾತ್ರ ಅದೇ ಅಡ್ಡಿ. ರಿಪೇರಿ ಆಗದಿದ್ದರೆ ಹೊಸ ಒರಿಜಿನಲ್, ಅದಕ್ಕೆ ಸೆಕೆಂಡ್ ಹ್ಯಾಂಡ್ ಕೂಡ ಪರವಾಗಿಲ್ಲ, ಹಾಕಿ ಓಡಿಸಿ ತೋರಿಸಿದ ಮೇಲೆ ದುಡ್ಡು ಕೊಡುವುದಾದರೆ. ಯೂನಿವರ್ಸಲ್ ಕಿಟ್ ಕೊನೆಗೆ. ಸಾದಾ ಮೋಟರಿನ ಹಳೇ ಟಾಪ್ ಲೋಡ್‌ಗೆ ಅದು ನಡೆಯುತ್ತದೆ, ಒಗೆದು ಹಿಂಡಿ ಕೊಡುತ್ತದೆ, ಮೊದಲಿನ ಎಷ್ಟೋ ಪ್ರೋಗ್ರಾಂ ಇರುವುದಿಲ್ಲ. ಇನ್ವರ್ಟರ್ ಮೋಟರಿನ, ಅಂದರೆ ಬೋರ್ಡೇ ಮೋಟರಿನ ವೇಗ ಬದಲಿಸುವ ಮಷಿನ್‌ಗೆ ಅದು ಆಗುವುದಿಲ್ಲ. ಆಗುತ್ತದೆ ಅನ್ನುವವನಿಂದ ದೂರ ಇರಿ.

ಪಾರ್ಟ್ ಹುಡುಕುವುದು

ಅಂಗಡಿಗೆ ಹೋಗುವ ಮುಂಚೆ ಎರಡು ಫೋಟೋ ತೆಗೆದುಕೊಳ್ಳಿ. ಒಂದು ಮಷಿನ್ ಹಿಂದಿನ ಅಥವಾ ಬಾಗಿಲ ಬಳಿಯ ಸ್ಟಿಕರ್, ಪೂರ್ತಿ ಮಾಡೆಲ್ ನಂಬರ್ ಕಾಣುವಂತೆ. ಇನ್ನೊಂದು ಪಾರ್ಟ್ ಮೇಲಿನ ನಂಬರ್. ಎಲ್‌ಜಿ ಬೋರ್ಡ್ ನಂಬರ್ ಹೆಚ್ಚಾಗಿ ಇಬಿಆರ್ ಅಕ್ಷರದಿಂದ ಶುರುವಾಗುತ್ತದೆ, ಸ್ಯಾಮ್‌ಸಂಗ್ ಪಾರ್ಟ್‌ಗಳದ್ದು ಡಿಸಿ ಅಕ್ಷರದಿಂದ. “ಏಳು ಕೆಜಿ ಮಷಿನಿಂದು ಕೊಡ್ರಿ” ಅಂತ ಕೇಳಿದರೆ ಏನೋ ಒಂದು ಕೊಟ್ಟು ಕಳಿಸುತ್ತಾರೆ. ಒಂದೇ ಕಂಪನಿಯ ಏಳು ಕೆಜಿಯಲ್ಲೇ ಹತ್ತಾರು ಮಾಡೆಲ್ ಇರುತ್ತವೆ.

ಊರಿನಲ್ಲಿ ಸಿಗುವುದು ಸೆಮಿ ಮತ್ತು ಹಳೇ ಟಾಪ್ ಲೋಡ್‌ನ ಸಾಮಾನು. ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತ, ಬಳ್ಳಾರಿಯ ಬೆಂಗಳೂರು ರೋಡಿನ ಕಡೆ ಒಂದು ಸುತ್ತು ಹಾಕಿದರೆ ಟೈಮರ್, ಕಂಡೆನ್ಸರ್, ಪೈಪಿಗೆ ಆನ್‌ಲೈನ್ ನೋಡುವ ಅಗತ್ಯವೇ ಬೀಳುವುದಿಲ್ಲ. ಹಳೇ ಪಾರ್ಟ್ ಕೈಯಲ್ಲಿ ಹಿಡಿದು ಹೋಗಿ, ಪಕ್ಕಪಕ್ಕ ಇಟ್ಟು ನೋಡಿ ತನ್ನಿ.

ಫ್ರಂಟ್ ಲೋಡ್ ಪಾರ್ಟಿಗೆ ಕಂಪನಿ ಸೆಂಟರಿನಲ್ಲಿ ನಂಬರ್ ಕೊಟ್ಟು ಆರ್ಡರ್ ಹಾಕಿಸಬಹುದು. ದಿನ ಹಿಡಿಯುತ್ತದೆ, ಆದರೆ ಬಿಲ್ ಬರುತ್ತದೆ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಅಲ್ಲಿ ಯಾರಾದರೂ ಇದ್ದರೆ ಕೋಟಿ ಅನ್ನುವ ಬಡಾವಣೆಯ ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ ಸಾಮಾನು ಹುಡುಕಿಸಬಹುದು. ಬಳ್ಳಾರಿಯವರು ಬೆಂಗಳೂರಿನ ಎಸ್‌ಪಿ ರೋಡ್ ನೋಡಿ, ಕೊಪ್ಪಳದವರಿಗೆ ಹುಬ್ಬಳ್ಳಿ ಕೈಗೆಟಕುತ್ತದೆ. ಸಣ್ಣ ಪಾರ್ಟ್ ಬಸ್ಸಿನ ಪಾರ್ಸಲ್‌ನಲ್ಲೂ ಬರುತ್ತದೆ.

ಆನ್‌ಲೈನ್‌ನಲ್ಲಿ ನನ್ನ ನಿಯಮ ಇಷ್ಟೇ: ಪಾರ್ಟ್ ನಂಬರ್ ಬರೆದಿರಬೇಕು, ವಾಪಸ್ ತೆಗೆದುಕೊಳ್ಳಬೇಕು. “ಎಲ್ಲ ಮಾಡೆಲ್‌ಗೂ ಹೊಂದುತ್ತದೆ” ಅಂತ ಬರೆದದ್ದನ್ನು ಪೈಪು, ಚಕ್ರದ ಸ್ಟ್ಯಾಂಡು, ಕವರ್ ಬಿಟ್ಟು ಬೇರೇನಕ್ಕೂ ತರಿಸಬೇಡಿ. ಬೋರ್ಡ್‌ನಂಥದ್ದು ಬಂದಾಗ ಡಬ್ಬಿ ತೆರೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ.

ಗುಜರಿಯನ್ನು ಮರೆಯಬೇಡಿ. ನಿಮ್ಮದೇ ಮಾಡೆಲ್ ಅಲ್ಲಿ ಬಿದ್ದಿದ್ದರೆ ಮುಚ್ಚಳ, ಬಟನ್ ಪ್ಯಾನಲ್, ಮೋಟರ್, ಪುಡಿ ಹಾಕುವ ಡಬ್ಬಿ ಇವನ್ನು ಧೈರ್ಯವಾಗಿ ತನ್ನಿ. ಕಂಪನಿಯೇ ಮಾಡುವುದು ಬಿಟ್ಟ ಹಳೇ ಮಾಡೆಲ್‌ನ ಪ್ಲಾಸ್ಟಿಕ್ ಸಾಮಾನು ಬೇರೆಲ್ಲೂ ಸಿಗುವುದು ಕಷ್ಟ. ರಬ್ಬರ್, ಸೀಲ್, ಬೇರಿಂಗ್, ಕಂಡೆನ್ಸರ್ ಮಾತ್ರ ಹಳೆಯದು ಬೇಡವೇ ಬೇಡ.

ಕಂಪನಿಯವರನ್ನು ಕರೆಯುವುದಾದರೆ

ವಾರಂಟಿ ಇದ್ದರೆ ಬೇರೆಯವರಿಂದ ಬಿಚ್ಚಿಸಬೇಡಿ, ಅಷ್ಟೇ. ಹತ್ತು ವರ್ಷ ಅಂತ ದೊಡ್ಡಕ್ಷರದಲ್ಲಿ ಬರೆದದ್ದು ಬಹಳ ಸಲ ಮೋಟರಿಗೆ ಮಾತ್ರ. ಬೋರ್ಡ್‌ಗೆ, ರಬ್ಬರಿಗೆ, ಮನೆಗೆ ಬಂದು ಹೋಗುವ ಚಾರ್ಜಿಗೆ ಅದು ನಡೆಯುವುದಿಲ್ಲ. ಕಾರ್ಡ್ ತೆಗೆದು ಓದಿ. ವಾರಂಟಿ ಇಲ್ಲದಿದ್ದರೆ ರಿಪೇರಿ ಮಾಡಿಸದಿದ್ದರೂ ವಿಸಿಟ್ ಚಾರ್ಜ್ ಕೊಡಬೇಕಾಗುತ್ತದೆ, ಫೋನಿನಲ್ಲೇ ಕೇಳಿಕೊಳ್ಳಿ. ಮಾನ್ವಿ, ಕುಷ್ಟಗಿ, ಯಲಬುರ್ಗಾ ಕಡೆಯವರು ಪಕ್ಕದ ಊರಿಂದ ಬರಲು ಬೇರೆ ಚಾರ್ಜ್ ಇದೆಯಾ ಅಂತಲೂ ಕೇಳಿ.

ವರ್ಷದ ಕಾಂಟ್ರ್ಯಾಕ್ಟ್ ಮಾಡಿಸಬೇಕಾ? ಸೆಮಿಗೆ ಬೇಡ. ಟಾಪ್ ಲೋಡ್‌ಗೆ ನನಗೇನೂ ಅಷ್ಟು ಅನ್ನಿಸುವುದಿಲ್ಲ. ಫ್ರಂಟ್ ಲೋಡ್, ಅದೂ ಗಡಸು ನೀರಿನ ಮನೆಯಲ್ಲಿ, ಪಾರ್ಟೂ ಸೇರಿದ ಕಾಂಟ್ರ್ಯಾಕ್ಟ್ ಆದರೆ ಲಾಭ ಇದೆ. ಬಾಗಿಲ ರಬ್ಬರು, ಹೀಟರು, ಬೋರ್ಡ್ ಮೂರೂ ಅದರಲ್ಲಿ ಬರುತ್ತವಾ ಅಂತ ಬರೆದು ಕೊಡಲು ಹೇಳಿ. ಬರೀ ಸರ್ವಿಸ್‌ಗೆ ಅಂದರೆ ಬಿಟ್ಟುಬಿಡಿ.

ತಕರಾರು ಬಂದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿತು. ಬೇರೆ ಬೇರೆ ಕಂಪನಿಗಳ ಮಾನ್ಯುವಲ್, ಪಾರ್ಟ್, ವಾರಂಟಿಯ ಮಾಹಿತಿ ಒಂದೇ ಕಡೆ ಸಿಗಲಿ ಅನ್ನುವುದು ಅದರ ಉದ್ದೇಶ.

ಮೆಕ್ಯಾನಿಕ್ ಯಾರೇ ಆಗಲಿ, ತೆಗೆದ ಹಳೇ ಪಾರ್ಟ್ ಕೇಳಿ ಇಸಿದುಕೊಳ್ಳಿ. ವಾರಂಟಿಯಲ್ಲಿ ಬದಲಿಸಿದ್ದನ್ನು ಕಂಪನಿಯವರು ವಾಪಸ್ ಒಯ್ಯುತ್ತಾರೆ, ದುಡ್ಡು ಕೊಟ್ಟು ಹಾಕಿಸಿದರೆ ಅದು ನಿಮ್ಮದು.

ರಿಪೇರಿಯಾ, ಹೊಸದಾ?

ಹೊಸದರ ಅರ್ಧ ಬೆಲೆ ದಾಟಿದರೆ ರಿಪೇರಿ ಬೇಡ ಅಂತ ಹೇಳುತ್ತಾರೆ. ಅದು ಸರಿ, ಆದರೆ ನಾನು ಮೊದಲು ಬಾಡಿ ನೋಡುತ್ತೇನೆ. ತಳದ ತಗಡು ತುಕ್ಕು ತಿಂದು ಉದುರುತ್ತಿದ್ದರೆ ಸಣ್ಣ ರಿಪೇರಿಯೂ ದಂಡ. ಬಾಡಿ ಗಟ್ಟಿ ಇದ್ದು ಹೊರಮೈ ಪಾರ್ಟ್ ಹೋಗಿದ್ದರೆ ಹತ್ತು ವರ್ಷದ ಮಷಿನ್ ಆದರೂ ಮಾಡಿಸಿ.

ಹೊಸದು ತಗೊಳ್ಳುವುದಾದರೆ ನೀರು ನೋಡಿ ತಗೊಳ್ಳಿ. ಹೊಳೆ ನೀರು ಸರಿಯಾಗಿ ಬರುವ ಮನೆಗೆ ಫ್ರಂಟ್ ಲೋಡ್ ಚಿನ್ನದಂಥದ್ದು, ನೀರೂ ಕಮ್ಮಿ, ಬಟ್ಟೆಯೂ ಚೊಕ್ಕಟ. ಬರೀ ಬೋರ್ ನೀರು, ಮೇಲೆ ವೋಲ್ಟೇಜ್ ಕಾಟ ಅಂದರೆ ಟಾಪ್ ಲೋಡ್. ನಳಕ್ಕೆ ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರಾದರೆ ಸೆಮಿಯನ್ನು ಕೀಳಾಗಿ ನೋಡಬೇಡಿ. ಅದಕ್ಕೆ ಕೊಡದಲ್ಲಿ ನೀರು ಸುರಿದರೂ ಆಯಿತು, ಒಮ್ಮೆ ಬಳಸಿದ ಸೋಪಿನ ನೀರಿಗೇ ಇನ್ನೊಂದು ಗಂಟು ಬಟ್ಟೆ ಹಾಕಬಹುದು.

ಹಳೆಯದನ್ನು ಕೊಡುವಾಗ ಶೋರೂಮಿನ ಎಕ್ಸ್‌ಚೇಂಜ್ ಬೆಲೆಯನ್ನೂ, ಗುಜರಿಯವನ ಬೆಲೆಯನ್ನೂ ಎರಡೂ ಕೇಳಿ. ಗುಜರಿಯವನು ಮೋಟರಿನ ವೈಂಡಿಂಗ್ ತಾಮ್ರದ್ದಾ, ಅಲ್ಯೂಮಿನಿಯಂನದ್ದಾ ಅಂತ ನೋಡಿ ಬೆಲೆ ಹೇಳುತ್ತಾನೆ. ತಾಮ್ರ ಇದ್ದರೆ ಚೌಕಾಸಿ ಬಿಡಬೇಡಿ.